ಗ್ರೋವರ್‌ನ ನಾಯಿ

ನಮ್ಮ ಕಡೆ ಎಲ್ಲಾದರೂ ದೊಡ್ಡ ಸೇತುವೆ ಕಟ್ಟಲು ಶುರುಮಾಡಿದರೆ ಸಾಕು, ಸುತ್ತಮುತ್ತಲ ಊರಲ್ಲಿ ಗುಸುಗುಸು ಏಳುತ್ತಿತ್ತು. ‘ಕಂಬ ನಿಲ್ತಾನೇ ಇಲ್ವಂತೆ, ಬಲಿ ಕೇಳ್ತಿದೆಯಂತೆ.’ ಕತ್ತಲಾದ ಮೇಲೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ರಿಚ್ಮಂಡ್ ಸೇತುವೆ ನೋಡಲು ಹೋದಾಗ, ಅದಕ್ಕೂ ಒಂದು ದೆವ್ವ ಇದೆ ಅಂತ ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ಇನ್ನೂರು ವರ್ಷದ ಕಲ್ಲಿನ ಸೇತುವೆಗೆ ಒಂದು ದೆವ್ವವೂ ಗತಿಯಿಲ್ಲ ಅಂದಿದ್ದರೆ ಬೇಜಾರಾಗುತ್ತಿತ್ತು.

ನೋಡಲು ಮಾತ್ರ ದೆವ್ವದ ಕಳೆ ಒಂಚೂರೂ ಇಲ್ಲ. ಹೆಸರಿಗೆ ಕೋಲ್ ನದಿ. ಕಾವೇರಿ ನೋಡಿದ ಕಣ್ಣಿಗೆ ದೊಡ್ಡ ಹಳ್ಳ ಅಷ್ಟೇ. ದಡದ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತ ಸಂಸಾರಗಳು, ಅವರ ಕೈಯನ್ನೇ ನೋಡುವ ಬಾತುಕೋಳಿಗಳು. ನೀರಿನ ಹತ್ತಿರ ಇಳಿದರೆ, ಮರಳುಗಲ್ಲಿನ ಕಮಾನುಗಳ ಕೆಳಗೆ ಕಂಬದ ಬುಡ ದೋಣಿಯ ಮೂತಿಯಂತೆ ಚೂಪಾಗಿ ಮುಂದೆ ಚಾಚಿರುವುದು ಕಾಣುತ್ತದೆ. ನೆರೆ ಬಂದರೆ ನೀರು ಸೀಳಿಕೊಂಡು ಹೋಗಲಿ ಅಂತ.

ಇದಕ್ಕೆ ಅಡಿಗಲ್ಲು ಹಾಕಿದ್ದು 1823ರ ಡಿಸೆಂಬರಿನಲ್ಲಿ. 1825ರ ಹೊತ್ತಿಗೆ ಗಾಡಿಗಳು ಓಡಾಡುತ್ತಿದ್ದವು. ಈಗಲೂ ಕಾರು ಓಡಾಡುತ್ತವೆ. ಕಟ್ಟಿದವರು ಬ್ರಿಟನ್ನಿನಿಂದ ಗಡೀಪಾರಾಗಿ ಬಂದ ಕೈದಿಗಳು. ಗುಡ್ಡದಿಂದ ಕಲ್ಲನ್ನು ಕೈಗಾಡಿಯಲ್ಲಿ ಎಳೆದು ತಂದರು. 1872ರಲ್ಲಿ ಸೊರೆಲ್ ಅನ್ನೋ ಊರಿನ ಕಡೆಗೆ ಬೇರೆ ದಾರಿಯಾಗಿ ಈ ರಿಚ್ಮಂಡ್ ಊರು ಮೂಲೆಗೆ ಬಿತ್ತು. ಯಾರಿಗೂ ಜಾಸ್ತಿ ಬೇಡವಾದದ್ದಕ್ಕೇ ಹಳೇ ಊರು ಹಳೇದಾಗಿಯೇ ಉಳಿಯಿತು ಅನ್ನಿ.

ದೆವ್ವದ ಹೆಸರು ಜಾರ್ಜ್ ಗ್ರೋವರ್. ಅವನೂ ಕೈದಿಯಾಗಿಯೇ ಬಂದವನು. ಆಮೇಲೆ ಇಲ್ಲಿನ ಜೈಲಿನಲ್ಲಿ ಉಳಿದ ಕೈದಿಗಳಿಗೆ ಚಾಟಿಯಲ್ಲಿ ಹೊಡೆಯುವ ಕೆಲಸ ಸಿಕ್ಕಿತು. ಮನಸ್ಸಿಟ್ಟು ಮಾಡುತ್ತಿದ್ದನಂತೆ. 1832ರಲ್ಲಿ ಕುಡಿದು ಸೇತುವೆ ಮೇಲೆ ಬಿದ್ದುಕೊಂಡಿದ್ದವನನ್ನು ಯಾರೋ ಚೆನ್ನಾಗಿ ಬಡಿದು ಕೆಳಕ್ಕೆ ತಳ್ಳಿದರು ಅಂತ ಕಥೆ. ಅವತ್ತಿನಿಂದ ರಾತ್ರಿ ಹೊತ್ತು ಅಲ್ಲೇ ಓಡಾಡುತ್ತಾನಂತೆ. ನಮ್ಮಲ್ಲಾದರೆ ಏಟು ತಿಂದು ಸತ್ತ ಬಡಪಾಯಿ ದೆವ್ವವಾಗುತ್ತಾನೆ. ಇಲ್ಲಿ ಕಲ್ಲು ಹೊತ್ತವರು ತೆಪ್ಪಗೆ ಹೋಗಿಬಿಟ್ಟಿದ್ದಾರೆ, ಹೊಡೆದವನಿಗೇ ಬಿಡುಗಡೆಯಿಲ್ಲ. ಈ ಲೆಕ್ಕ ನನಗೆ ಇಷ್ಟವಾಯಿತು.

ಇನ್ನೂ ಇಷ್ಟವಾದದ್ದು ನಾಯಿ. ಹೌದು, ಇಲ್ಲೊಂದು ದೊಡ್ಡ ಕಪ್ಪು ನಾಯಿಯ ದೆವ್ವವೂ ಇದೆ. ಕತ್ತಲಲ್ಲಿ ಹೆಂಗಸರೋ ಮಕ್ಕಳೋ ಒಂಟಿಯಾಗಿ ಬಂದರೆ ಜೊತೆಯಲ್ಲೇ ನಡೆದು, ಸೇತುವೆ ದಾಟಿಸಿ ಮಾಯವಾಗುತ್ತದಂತೆ. ನಮ್ಮೂರ ದೆವ್ವಗಳಿಗೆ ಕೋಳಿಯೋ ನಿಂಬೆಹಣ್ಣೋ ಏನಾದರೂ ಆಗಲೇಬೇಕು. ಇದಕ್ಕೆ ಒಂದು ಬಿಸ್ಕತ್ತೂ ಬೇಡ.

ಕಥೆ ಕೇಳಿದ್ದೇ ನನ್ನ ಹೆಂಡತಿ, “ರೀ, ನೀವು ಇಲ್ಲೇ ನಿಂತಿರಿ, ನಾನೊಬ್ಬಳೇ ದಾಟಿ ನೋಡ್ತೀನಿ” ಅಂತ ಹೊರಟೇಬಿಟ್ಟಳು. ಮಟಮಟ ಮಧ್ಯಾಹ್ನ, ನಾಯಿ ಎಲ್ಲಿಂದ ಬರಬೇಕು? ವಾಪಸ್ ಬಂದವಳು ಕೇಳಿದಳು, “ಅದರ ಹೆಸರೇನಂತೆ?”

“ಹೆಸರಿಲ್ಲ. ಗ್ರೋವರ್‌ನ ನಾಯಿ ಅಂತಲೇ ಕರೀತಾರೆ.”

“ನೋಡಿ, ಕೆಲಸ ಎಲ್ಲ ಅದು ಮಾಡೋದು, ಹೆಸರು ಮಾತ್ರ ಅವನದ್ದು,” ಅಂದಳು. ನಾನು ಬಾತುಕೋಳಿ ಕಡೆ ತಿರುಗಿಕೊಂಡೆ.