ಕೋವಿ ಕಳುವಾದರೆ ಕೋವಿಯವನೂ ಹೊಣೆಯೇ?

ಪರ: ಬಾಗಿಲ ಹಿಂದಿನ ಮೊಳೆ ಸಾಲದು

ನಾನು ಕೊಡಗಿನವಳು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಗಂಧ ಹಚ್ಚುವುದನ್ನು ನೋಡುತ್ತಲೇ ಬೆಳೆದೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ನಮ್ಮಲ್ಲಿ ಸುದ್ದಿ ಊರಿಗೆ ಮುಟ್ಟುತ್ತಿದ್ದುದೇ ಹಾಗೆ. ಕೋವಿಯೇ ಬೇಡ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಆದರೆ ಪೂಜೆಯ ಮಾರನೆಯ ದಿನದಿಂದ ಆ ಕೋವಿ ಎಲ್ಲಿರುತ್ತದೆ? ನಮ್ಮ ಮನೆಯಲ್ಲಿ ಮಲಗುವ ಕೋಣೆಯ ಬಾಗಿಲ ಹಿಂದೆ, ಮೊಳೆಗೆ ತೂಗುತ್ತಿತ್ತು. ತೋಟಾಗಳು ಅದೇ ಕೋಣೆಯ ಬೀರುವಿನೊಳಗೆ, ಬೀರುವಿನ ಕೀಲಿಕೈ ಬೀರುವಿನ ತಲೆಯ ಮೇಲೆ. ಮದುವೆಗೆಂದು ಎರಡು ದಿನ ಬೀಗ ಹಾಕಿ ಹೊರಟರೆ ಮನೆ ಖಾಲಿ ಎಂಬುದು ಊರಿಗೆಲ್ಲ ಗೊತ್ತು, ಕೋವಿ ಎಲ್ಲಿದೆ ಎಂಬುದೂ ಗೊತ್ತು. ಇಷ್ಟು ವರ್ಷ ಏನೂ ಆಗಲಿಲ್ಲ ಎಂದರೆ ಅದು ನಮ್ಮ ಪುಣ್ಯ, ನಾವು ಜೋಪಾನ ಮಾಡಿದ್ದರ ಫಲವಂತೂ ಅಲ್ಲ.

ಒಡವೆ ಹೋದರೆ ನಷ್ಟ ನಮ್ಮೊಬ್ಬರದು. ಕೋವಿ ಕದ್ದವನು ನಳಿಗೆ ಕೊಯ್ದು ಗಿಡ್ಡ ಮಾಡುತ್ತಾನೆ, ನಂಬರು ಉಜ್ಜಿ ಅಳಿಸುತ್ತಾನೆ. ಮುಂದೆ ಅದರ ಗುಂಡು ಕಾಡಿನಲ್ಲಿ ಕಡವೆಗೆ ತಗುಲಬಹುದು, ಯಾವುದೋ ಗಡಿಜಗಳದಲ್ಲಿ ಒಬ್ಬ ಮನುಷ್ಯನ ಎದೆಗೆ ತಗುಲಬಹುದು. ಆ ಮನೆಯವರ ಮುಂದೆ ನಿಂತು ‘ನಾವೂ ಕಳಕೊಂಡವರೇ’ ಎನ್ನಲು ನನಗೆ ನಾಲಿಗೆ ಏಳದು.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಕೇಳುವವರು ಕೋವಿಯನ್ನು ಭದ್ರವಾಗಿ ಇಡುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕು. ಬರೆದದ್ದು ಡಿ.ಸಿ. ಕಚೇರಿಯ ಕಡತ ಸೇರುತ್ತದೆ. ನಮ್ಮ ಕಡೆ ಮನೆಗೆ ಬಂದು ‘ಎಲ್ಲಿಟ್ಟಿದ್ದೀರಿ, ತೋರಿಸಿ’ ಎಂದವರನ್ನು ನಾನು ಕಂಡಿಲ್ಲ. ಬ್ರಿಟನ್ನಿನಲ್ಲಿ ಪರವಾನಗಿ ಕೊಡುವ ಮೊದಲು ಪೊಲೀಸರು ಕೋವಿ ಇಡುವ ಕಪಾಟನ್ನೇ ನೋಡಿ ಹೋಗುತ್ತಾರೆ.

ಇನ್ನು ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನ ಹಂಗೇ ಇಲ್ಲ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ನಮ್ಮನ್ನು ನಂಬಿ ಕೊಟ್ಟದ್ದು ಇದು. ಬೇರೆಯವರಿಗಿಂತ ಹೆಚ್ಚು ಜೋಪಾನ ಮಾಡಿ ತೋರಿಸುವ ಹೊಣೆ ನಮ್ಮ ಒಕ್ಕಗಳ, ಅಂದರೆ ಮನೆತನಗಳ, ಮೇಲೇ ಇದೆ, 2029 ಬರುವ ಮೊದಲೇ.

ನಾನು ಕೇಳುವುದು ಇಷ್ಟೇ. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ, ತೋಟಾ ಬೇರೆ ಕಡೆ, ಕೀಲಿಕೈ ಯಜಮಾನನ ಬಳಿ. ಹೀಗಿಟ್ಟೂ ಕಳುವಾಗಿ, ತಿಳಿದ ಕೂಡಲೇ ಠಾಣೆಗೆ ಹೇಳಿದವರ ಮೇಲೆ ಒಂದು ಮಾತೂ ಬರಬಾರದು. ಮೊಳೆಗೆ ತೂಗುಹಾಕಿ ಬಾಗಿಲು ಎಳೆದುಕೊಂಡು ಹೋದವರ ಕೋವಿಯ ಹಕ್ಕು ಹೋಗಬೇಕು. ಆ ಕೋವಿಯಿಂದ ಜೀವ ಹೋದರೆ ಪರಿಹಾರದಲ್ಲಿ ಅವರದೂ ಪಾಲಿರಬೇಕು.

ವಿರೋಧ: ದೂರು ಕೊಡಲು ಹೆದರುವ ಹಾಗೆ ಮಾಡಬೇಡಿ

ನಮ್ಮದು ತೀರ್ಥಹಳ್ಳಿ ಕಡೆ. ಎರಡೆಕರೆ ಅಡಿಕೆ, ಸ್ವಲ್ಪ ಗದ್ದೆ, ಬೆಳೆ ರಕ್ಷಣೆಗೆಂದು ಅಪ್ಪನ ಕಾಲದಲ್ಲಿ ಲೈಸೆನ್ಸ್ ಮಾಡಿಸಿದ ಒಂಟಿ ನಳಿಗೆಯ ಕೋವಿ. ಹಂದಿ ಗದ್ದೆಗಿಳಿದ ಸದ್ದಿಗೆ ಎದ್ದು ಗಾಳಿಯಲ್ಲೊಂದು ಈಡು ಹೊಡೆಯುವುದರೊಳಗೆ ಅರ್ಧ ಮಡಿ ಹೋಗಿರುತ್ತದೆ. ಕತ್ತಲಲ್ಲಿ ಎರಡು ಬೀಗ ತೆಗೆಯುತ್ತ ಕೂತರೆ ಉಳಿದರ್ಧವೂ ಹೋಗುತ್ತದೆ. ಅದನ್ನಾದರೂ ಸಹಿಸಿಕೊಳ್ಳಬಹುದು. ನನ್ನ ಹೆದರಿಕೆ ಬೇರೆಯದು.

ನೆಂಟರೊಬ್ಬರ ಕೋವಿ ಕಳುವಾದಾಗ ಜೊತೆಗೆ ದೂರು ಕೊಡಲು ಹೋದವನು ನಾನು. ಮೊದಲು ಬಂದ ಪ್ರಶ್ನೆಯೇ ‘ಯಾರಿಗೆ ಮಾರಿದೆ?’ ಎಂಬುದು. ಮೂರು ದಿನ ಅಲೆದ ಮೇಲೆ ದೂರು ದಾಖಲಾಯಿತು. ಕಳುವನ್ನು ಠಾಣೆಗೆ ತಿಳಿಸಬೇಕು ಎಂಬುದು ಈಗಲೂ ಲೈಸೆನ್ಸಿನ ಷರತ್ತು. ಈ ಪಾಡಿದ್ದೂ ಜನ ಹೋಗಿ ಹೇಳುತ್ತಾರೆ. ನಾಳೆ ಕಳುವಾದದ್ದೇ ತಪ್ಪು, ದಂಡ ಇದೆ, ಪರಿಹಾರದಲ್ಲಿ ಪಾಲು ಇದೆ ಎಂದಾದರೆ ಯಾರು ಹೋಗುತ್ತಾರೆ? ಮನುಷ್ಯ ಮೊದಲು ತಾನೇ ಹುಡುಕುತ್ತಾನೆ, ಕಣಿ ಕೇಳುತ್ತಾನೆ, ಧರ್ಮಸ್ಥಳಕ್ಕೆ ಹರಕೆ ಹೊರುತ್ತಾನೆ. ಹೀಗೆ ಒಂದು ತಿಂಗಳು ಕಳೆದರೆ ಕಳ್ಳನಿಗೆ ನಳಿಗೆ ಕೊಯ್ಯಲು, ನಂಬರು ಉಜ್ಜಲು ಬೇಕಾದಷ್ಟು ಸಮಯ ಸಿಕ್ಕಿರುತ್ತದೆ. ಮೇಲೆ ಬರೆದ ಅಕ್ಕ ಹೆದರುವುದೂ ಇದಕ್ಕೇ ಅಲ್ಲವೇ?

ಭದ್ರವಾಗಿತ್ತೋ ಇಲ್ಲವೋ ಎಂದು ತೀರ್ಮಾನಿಸುವವರಾದರೂ ಯಾರು? ನಮ್ಮ ಹಳೇ ಮನೆಗಳದ್ದು ಮಣ್ಣಿನ ಗೋಡೆ, ಅದಕ್ಕೆ ಬೋಲ್ಟ್ ನಿಲ್ಲುವುದಿಲ್ಲ. ನಾಲ್ಕು ಹೆಂಚು ಸರಿಸಿದರೆ ಆಳು ಒಳಗಿಳಿಯುತ್ತಾನೆ, ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗುತ್ತಾನೆ. ಆರ್‌ಸಿಸಿ ಮನೆಯವನು ಜಾಗರೂಕ, ಹೆಂಚಿನ ಮನೆಯವನು ಬೇಜವಾಬ್ದಾರಿ ಎಂದು ಬರೆದುಕೊಳ್ಳುವ ಕಾನೂನು ನನಗೆ ಬೇಡ.

ಸರ್ಕಾರಕ್ಕೆ ನಮ್ಮ ಕೋವಿ ಕಾಯಲು ಬರುವುದಿಲ್ಲ ಎಂದೇನಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ತಂದಿಡಿ ಎಂದು ನೋಟಿಸು ಬರುತ್ತದೆ. 2024ರಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ಕೋವಿಯನ್ನು ಠಾಣೆಯಲ್ಲಿಟ್ಟು ನಾವು ಪಟಾಕಿ ಹೊಡೆಯುತ್ತ ತೋಟ ಕಾದೆವು. ಅದೇ ನಾನು ಅಮ್ಮನ ಆಪರೇಷನ್ನಿಗೆ ಮಣಿಪಾಲಕ್ಕೆ ಹೊರಟಾಗ ‘ಒಂದು ವಾರ ಇಟ್ಟುಕೊಳ್ಳಿ ಸಾರ್’ ಎಂದರೆ ಜಾಗವಿಲ್ಲ ಎಂಬ ಉತ್ತರ ಬಂತು. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಇಡಬಹುದು, ನಿಜ. ಅಂಗಡಿ ಇರುವುದು ಶಿವಮೊಗ್ಗದಲ್ಲಿ. ಇಡಲು ಒಂದು ದಿನದ ಕೆಲಸ ಕೆಡುತ್ತದೆ, ತರಲು ಇನ್ನೊಂದು ದಿನ.

ಊರು ಬಿಟ್ಟು ಹೋಗುವ ರೈತ ಕೇಳಿದರೆ ಎರಡು ದಿನದ ಮಟ್ಟಿಗಾದರೂ ಠಾಣೆಯಲ್ಲಿ ಇಟ್ಟುಕೊಂಡು ರಶೀದಿ ಕೊಡಲಿ. ಪಂಪ್‌ಸೆಟ್ಟಿಗೆ, ಅಡಿಕೆಗೆ ಔಷಧಿ ಹೊಡೆಯುವ ಯಂತ್ರಕ್ಕೆ ಸಹಾಯಧನ ಕೊಡುವ ಸರ್ಕಾರ ಈ ಪೆಟ್ಟಿಗೆಗೂ ಕೊಡಲಿ, ಮಣ್ಣಿನ ಗೋಡೆಯ ಮನೆಗೆ ನೆಲಕ್ಕೆ ಕಾಂಕ್ರೀಟ್ ಹಾಕಿ ಕೂರಿಸುವಂಥದ್ದನ್ನು. ಅಷ್ಟಾದ ಮೇಲೂ ಬಾಗಿಲ ಹಿಂದಿನ ಮೊಳೆಗೇ ಕೋವಿ ತೂಗುಹಾಕುವವರಿದ್ದರೆ, ಅವರ ಲೈಸೆನ್ಸ್ ರದ್ದು ಮಾಡಿ ಎಂದು ಬರೆದ ಮನವಿಗೆ ನಾನೂ ಸಹಿ ಹಾಕುತ್ತೇನೆ.