ಎರಡೊಡಲಿನ ದೋಣಿಗೆ ಒಂದೊಡಲಿನ ಲೆಕ್ಕ ಹಾಕಬೇಡಿ

ನಿನ್ನೆ ರಾತ್ರಿ ಒಂದು ಕರಡು ಯೋಜನೆ ಓದಿದೆ. 12 ಕೆಟಮರಾನ್ (ಎರಡೊಡಲಿನ ಹಾಯಿದೋಣಿ), 24 ಜನ, ಆರು ದಿನ. ಮೊದಲ ನಾಲ್ಕು ದಿನ ತರಬೇತಿ, ಕೊನೆಯ ಎರಡು ದಿನ ರೇಸ್. ಓದಿ ಮುಗಿಸುವಷ್ಟರಲ್ಲಿ ಮೈಯೆಲ್ಲ ಉರಿದುಹೋಯಿತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದು ಡಿಂಗಿ, ಅಂದರೆ ಒಂದೊಡಲಿನ ಸಣ್ಣ ಹಾಯಿದೋಣಿ ರೇಸಿನ ಹಳೆಯ ಯೋಜನೆ. ಡಿಂಗಿ ಎಂದಿದ್ದಲ್ಲೆಲ್ಲ ಕೆಟಮರಾನ್ ಎಂದು ಬದಲಿಸಿದ್ದಾರೆ, ಅಷ್ಟೇ. ಬಹುಮಾನ ವಿತರಣೆಗೆ ಒಂದು ಪೂರ್ತಿ ಪುಟ ಇದೆ. ಮಗುಚಿದ ದೋಣಿಯನ್ನು ಎತ್ತುವವರು ಯಾರು ಎಂಬುದಕ್ಕೆ ಒಂದು ಸಾಲೂ ಇಲ್ಲ.

ಹೆಸರು ಕಟ್ಟುಮರದಿಂದ ಬಂದದ್ದಾದರೂ ಇದು ಮರದ ದಿಮ್ಮಿಗಳ ತೆಪ್ಪವಲ್ಲ. ಎರಡು ಸಪೂರ ಒಡಲು, ನಡುವೆ ಕೂರಲು ಬಿಗಿದು ಕಟ್ಟಿದ ಹಾಸು (ಟ್ರಾಂಪೊಲಿನ್), ಮೇಲೆ ದೊಡ್ಡ ಹಾಯಿ. ಹಗುರ, ಅಗಲ, ವೇಗ. ಈ ಮೂರು ಗುಣಗಳೇ ಯೋಜನೆಯ ಪ್ರತಿಯೊಂದು ಅಂಕಿಯನ್ನೂ ಬದಲಿಸುತ್ತವೆ. ಅದನ್ನು ಒಪ್ಪದವರು ಈ ವಾರವನ್ನು ನಡೆಸಲೇಬಾರದು.

ದಡದಿಂದಲೇ ಶುರುಮಾಡೋಣ. ಹೋಬಿ 16 ಎಂಬ ಕೆಟಮರಾನ್ ಮಾದರಿ ತೆಗೆದುಕೊಳ್ಳಿ: 5.05 ಮೀಟರ್ ಉದ್ದ, 2.41 ಮೀಟರ್ ಅಗಲ, 145 ಕಿಲೋ ತೂಕ, ಸುಮಾರು 8 ಮೀಟರಿನ ಹಾಯಿಕಂಬ. ಎಫ್18 ಮಾದರಿ ಆದರೆ 5.52 ಮೀಟರ್ ಉದ್ದ, 2.6 ಮೀಟರ್ ಅಗಲ, 180 ಕಿಲೋ. ಕರಡಿನಲ್ಲಿ ಒಂದು ದೋಣಿಗೆ 2.5 ಮೀಟರ್ ಅಗಲ ಬಿಟ್ಟಿದ್ದಾರೆ. ಶ್ರೌಡ್ (ಹಾಯಿಕಂಬವನ್ನು ಬದಿಗಳಿಂದ ಹಿಡಿದಿಡುವ ತಂತಿ) ಪಿನ್ ಹಾಕುವವರು ಎಲ್ಲಿ ನಿಲ್ಲಬೇಕು? ನಾಲ್ಕು ಮೀಟರ್ ಬೇಕು. ಕಂಬ ಎತ್ತುವಾಗ ಅದರ ಬುಡ ಮುಂದಿನ ಅಡ್ಡತೊಲೆಯ ಮೇಲಿರುತ್ತದೆ, ತುದಿ ದೋಣಿಯ ಹಿಂದಕ್ಕೆ ಚಾಚಿರುತ್ತದೆ. ಮೂತಿಯಿಂದ ಅಳೆದರೆ 11 ಮೀಟರ್ ಖಾಲಿ ಜಾಗ ಆಗಬೇಕು. ಅಷ್ಟನ್ನು 12 ದೋಣಿಗೂ ಕೊಡಲಾಗದಿದ್ದರೆ ಒಂದು ಸಾಮಾನ್ಯ ಪಟ್ಟಿ ಬಿಟ್ಟು, ಅಲ್ಲಿ ಮೂರು ಮೂರು ದೋಣಿಗಳ ಕಂಬ ಎತ್ತಿ ಆಚೆ ಸರಿಸಿ. ಒಂದು ಕಂಬಕ್ಕೆ ಮೂವರು: ಎತ್ತಲು ಒಬ್ಬರು, ಮುಂದಿನಿಂದ ಹಗ್ಗ ಎಳೆಯಲು ಒಬ್ಬರು, ಬುಡ ಜಾರದಂತೆ ಹಿಡಿಯಲು ಒಬ್ಬರು.

ಕಂಬದ ಮಾತು ಬಂದಿದ್ದಕ್ಕೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ದೋಣಿ ನಿಲ್ಲಿಸುವ ಜಾಗದಿಂದ ನೀರಿನವರೆಗೆ ಯಾರಾದರೂ ತಲೆಯೆತ್ತಿ ನಡೆದು ನೋಡಿದ್ದೀರಾ? ಅಲ್ಯೂಮಿನಿಯಂ ಕಂಬವೂ ಕಾರ್ಬನ್ ಕಂಬವೂ ವಿದ್ಯುತ್ ಹರಿಸುತ್ತವೆ. ತೇವದ ಕಾಲಿನಲ್ಲಿ ದೋಣಿ ತಳ್ಳುತ್ತಿರುವ ಇಬ್ಬರ ತಲೆಯ ಮೇಲೆ ಒಂದು ತಂತಿ ಸಾಕು. ಹೋಬಿ ಕಂಬದ ಮೇಲ್ಭಾಗಕ್ಕೆ ಫೈಬರ್‌ಗ್ಲಾಸಿನ ತುದಿ ಬಂದದ್ದೇ ಇದಕ್ಕಾಗಿ. ಅದಿದೆ ಎಂದು ತಂತಿಯ ಕೆಳಗೆ ಹೋಗುವುದಲ್ಲ, ದಾರಿಯನ್ನೇ ಬದಲಿಸಬೇಕು. ಕರಡಿನ ನಕ್ಷೆಯಲ್ಲಿ ತಂತಿಗಳನ್ನೇ ಗುರುತಿಸಿಲ್ಲ. ಡಿಂಗಿಯ ಕಂಬ ಗಿಡ್ಡ, ಆಗ ಯಾರೂ ಕೇಳಿರಲಿಲ್ಲ. ಈಗ ಕೇಳಲೇಬೇಕು.

ರಾತ್ರಿ ದೋಣಿ ಕಟ್ಟಿಹಾಕುವುದೂ ಹಾಗೆಯೇ. ಟ್ರಾಂಪೊಲಿನ್ ಎಂದರೆ ನೆಲಕ್ಕೆ ಸಮಾನಾಂತರವಾಗಿ ಹಾಸಿದ ಹಾಯಿ. ಕೆಳಗಿನಿಂದ ಗಾಳಿ ನುಗ್ಗಿದರೆ 145 ಕಿಲೋ ಎದ್ದು ಪಕ್ಕದ ದೋಣಿಯ ಮೇಲೆ ಬೀಳುತ್ತದೆ. ಹಾಯಿ ಇಳಿಸಿ, ಮೂತಿಯನ್ನು ಗಾಳಿಗೆ ತಿರುಗಿಸಿ, ಗಾಳಿ ಬರುವ ಬದಿಯನ್ನು ನೆಲದಲ್ಲಿ ಆಳವಾಗಿ ಹೂತ ಗೂಟಕ್ಕೆ ಪಟ್ಟಿಯಿಂದ ಬಿಗಿಯಿರಿ.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಕರಡಿನಲ್ಲಿರುವುದು ಒಂದೇ ಸೇಫ್ಟಿ ಬೋಟ್, ಅದೂ ಸಣ್ಣ ಎಂಜಿನ್ನಿನದು. ಸ್ಪಿನೇಕರ್ (ಗಾಳಿಯ ಜೊತೆ ಓಡುವಾಗ ಬಿಚ್ಚುವ ಉಬ್ಬು ಹಾಯಿ) ಬಿಚ್ಚಿದ ಕೆಟಮರಾನ್ ಒಳ್ಳೆಯ ಗಾಳಿಯಲ್ಲಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ದಾಟುತ್ತದೆ. 8 ನಾಟ್ ಓಡುವ ಬೋಟು ಅದರ ಬೆನ್ನು ಹತ್ತುವುದು ಹೇಗೆ? ಒಂದು ಬಿರುಗಾಳಿಯ ಹೊಡೆತ ಬಂದರೆ 12ರಲ್ಲಿ ನಾಲ್ಕೈದು ದೋಣಿ ಒಟ್ಟಿಗೇ ಮಗುಚುತ್ತವೆ. ಒಂದೊಂದರ ಬಳಿ ಹತ್ತು ನಿಮಿಷ ಹೋದರೆ ಕೊನೆಯ ದೋಣಿಯವರು ಮುಕ್ಕಾಲು ಗಂಟೆ ನೀರಿನಲ್ಲಿರುತ್ತಾರೆ. ಮೂರು ಬೋಟು ಬೇಕು. ಐದು ಮೀಟರಿನ ಆಸುಪಾಸಿನ ಗಾಳಿ ತುಂಬಿದ ಬದಿಯ ಬೋಟು, 40 ಹಾರ್ಸ್‌ಪವರಿಗೆ ಕಡಿಮೆಯಿಲ್ಲದ ಎಂಜಿನ್, ಚಾಲಕರು ಬಿದ್ದರೆ ಎಂಜಿನ್ ನಿಲ್ಲಿಸುವ, ಅವರ ಕಾಲಿಗೆ ಕಟ್ಟಿದ ಕಿಲ್ ಕಾರ್ಡ್, ಜೊತೆಗೆ ನೀರಿಗಿಳಿಯಬಲ್ಲ ಇನ್ನೊಬ್ಬರು. ಬೋಟಿನಲ್ಲಿ ಹಗ್ಗ ಕತ್ತರಿಸುವ ಕೊಕ್ಕೆಚಾಕು, ತಂತಿ ಕತ್ತರಿಸುವ ಕಟರ್, 20 ಮೀಟರ್ ಎಳೆಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಿಎಚ್‌ಎಫ್ ರೇಡಿಯೊ.

ಆ ಚಾಲಕರಿಗೆ ಕೆಟಮರಾನ್ ಎತ್ತುವುದನ್ನು ಕಲಿಸಿರಬೇಕು. ಡಿಂಗಿ ಎತ್ತಿ ಅಭ್ಯಾಸವಿದೆ ಎಂಬುದು ಇಲ್ಲಿ ಉಪಯೋಗಕ್ಕೆ ಬಾರದು. ಹತ್ತಿರ ಹೋದ ಕೂಡಲೆ ಮೊದಲ ಕೆಲಸ ತಲೆ ಎಣಿಸುವುದು. ಇಬ್ಬರೂ ಕಾಣಬೇಕು, ಇಬ್ಬರೂ ಮಾತಾಡಬೇಕು. ಒಬ್ಬರು ಕಾಣದಿದ್ದರೆ ಹಾಯಿಯ ಅಡಿ, ಟ್ರಾಂಪೊಲಿನ್ ಅಡಿ, ಟ್ರಪೀಜ್ (ದೋಣಿಯ ಹೊರಗೆ ಜೋತುನಿಲ್ಲಲು ಕಂಬದಿಂದ ಇಳಿಬಿಟ್ಟ) ತಂತಿಯ ಕೊಕ್ಕೆ, ಈ ಮೂರು ಕಡೆ ಹುಡುಕಬೇಕು. ರೇಸಿಂಗ್ ನಿಯಮ 2023ರಿಂದ ಥಟ್ಟನೆ ಬಿಡಿಸಿಕೊಳ್ಳಬಹುದಾದ ಟ್ರಪೀಜ್ ಹಾರ್ನೆಸ್ (ಆ ತಂತಿಗೆ ಸಿಕ್ಕಿಸುವ ಸೊಂಟಪಟ್ಟಿ) ಕಡ್ಡಾಯ ಮಾಡಿದ್ದು ಈ ಕೊಕ್ಕೆಯ ಕಾರಣಕ್ಕೇ. ಕರಡಿನ ತಪಾಸಣಾ ಪಟ್ಟಿಯಲ್ಲಿ ಹಾರ್ನೆಸ್ ಎಂಬ ಪದವೇ ಇಲ್ಲ!

ತಲೆ ಎಣಿಸಿದ ಮೇಲೆ ದೋಣಿ. ಪಕ್ಕಕ್ಕೆ ಮಗುಚಿದ್ದರೆ ಮೇನ್‌ಶೀಟ್ (ದೊಡ್ಡ ಹಾಯಿಯ ಹಗ್ಗ), ಟ್ರಾವೆಲರ್ (ಆ ಹಗ್ಗದ ಬುಡವನ್ನು ಅಡ್ಡಕ್ಕೆ ಸರಿಸುವ ಗಾಲಿ), ಜಿಬ್ (ಮುಂದಿನ ಸಣ್ಣ ಹಾಯಿ) ಮೂರನ್ನೂ ಸಡಿಲಿಸಬೇಕು. ಒಬ್ಬರು ಕೆಳಗಿನ ಒಡಲಿನ ಮೂತಿಯ ಕಡೆಗೆ ಸರಿದರೆ ಮೂತಿ ಸ್ವಲ್ಪ ಮುಳುಗಿ, ದೋಣಿ ತಾನೇ ಗಾಳಿಯತ್ತ ತಿರುಗುತ್ತದೆ. ಆಮೇಲೆ ಇಬ್ಬರೂ ರೈಟಿಂಗ್ ಹಗ್ಗ ಹಿಡಿದು ಹಿಂದಕ್ಕೆ ಜೋತುಬಿದ್ದರೆ ಗಾಳಿ ಹಾಯಿಯ ಅಡಿ ಹೊಕ್ಕು ಎತ್ತಿಕೊಡುತ್ತದೆ. ಹಾಯಿ ಬಿಗಿದಿದ್ದರೆ ಎದ್ದ ದೋಣಿ ಆಚೆ ಬದಿಗೆ ಮತ್ತೆ ಬೀಳುತ್ತದೆ, ಇಲ್ಲವೇ ಇಬ್ಬರನ್ನೂ ನೀರಿನಲ್ಲಿ ಬಿಟ್ಟು ಓಡುತ್ತದೆ. ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು ಇದೇ. ಪೂರ್ತಿ ತಲೆಕೆಳಗಾಗಿದ್ದರೆ ಮಾತ್ರ ಬೋಟಿನ ಹಗ್ಗ: ದೂರದ ಒಡಲಿನ ಶ್ರೌಡ್ ಬುಡಕ್ಕೆ ಕಟ್ಟಿ, ಮೇಲೆದ್ದಿರುವ ತಳಗಳ ಮೇಲಿಂದ ಹಾಯಿಸಿ, ಅಡ್ಡಲಾಗಿ, ನಿಧಾನವಾಗಿ ಎಳೆಯಬೇಕು. ಎಂಜಿನ್ ಗದರಿಸಿ ಎಳೆದರೆ ಕಂಬ ಮುರಿಯುತ್ತದೆ. ದಡಕ್ಕೆ ಎಳೆದು ತರುವಾಗಲೂ 4–5 ನಾಟ್ ಮೀರಬಾರದು, ಸಿಬ್ಬಂದಿ ಹಿಂದಕ್ಕೆ ಕೂರಬೇಕು. ಇಲ್ಲದಿದ್ದರೆ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತದೆ.

ಆದ್ದರಿಂದ ಮೊದಲ ದಿನದ ತರಬೇತಿ ಇದೇ ಆಗಬೇಕು. ಕರಡಿನಲ್ಲಿ ಮಗುಚುವ ಅಭ್ಯಾಸ ನಾಲ್ಕನೇ ದಿನ, 'ಸಮಯವಿದ್ದರೆ' ಎಂಬ ಟಿಪ್ಪಣಿಯೊಂದಿಗೆ ಇದೆ. ಯುದ್ಧಕಾಲೇ ಶಸ್ತ್ರಾಭ್ಯಾಸ! ಮೊದಲ ಬೆಳಿಗ್ಗೆ ದೋಣಿ ತಪಾಸಣೆ, ಮಧ್ಯಾಹ್ನ 6–8 ನಾಟ್ ಗಾಳಿಯಲ್ಲಿ ಪ್ರತಿ ಜೋಡಿ ಎರಡು ಸಲ ಮಗುಚಿ ಎತ್ತಲಿ. ಹಗುರ ಮೈಯ ಜೋಡಿಗಳಿಗೆ ತಾವಾಗಿ ಎತ್ತಲು ಆಗುವುದಿಲ್ಲ ಎಂಬುದು ಅವತ್ತೇ ಗೊತ್ತಾಗುತ್ತದೆ. ಅವರ ಕಂಬದ ತುದಿಗೆ ಫ್ಲೋಟ್ ಕಟ್ಟಿ, ಅವರ ಹಾಯಿ ಸಂಖ್ಯೆಯನ್ನು ಸೇಫ್ಟಿ ಬೋಟಿನಲ್ಲಿ ಬರೆದಿಡಿ. ಅಲೆಯಿಲ್ಲದ ಜಾಗವೆಂದು ದಡದ ಪಕ್ಕದಲ್ಲೇ ಮಗುಚಿಸಬೇಡಿ. 8 ಮೀಟರಿನ ಕಂಬ 5 ಮೀಟರ್ ನೀರಿನಲ್ಲಿ ತಲೆಕೆಳಗಾದರೆ ತುದಿ ಕೆಸರಿಗೆ ನಾಟಿ ಬಾಗುತ್ತದೆ. 10 ಮೀಟರ್ ಆಳ ಬೇಕು.

ತಪಾಸಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಡಲಿನ ಹಿಂದಿನ ಡ್ರೈನ್ ಪ್ಲಗ್, ಶ್ರೌಡ್ ಪಿನ್ನುಗಳ ರಿಂಗ್ ಮತ್ತು ಅದರ ಮೇಲೆ ಟೇಪ್, ಚುಕ್ಕಾಣಿಯ ಕ್ಯಾಮ್, ಟ್ರಾಂಪೊಲಿನ್ ಹೊಲಿಗೆ, ಟ್ರಪೀಜ್ ತಂತಿಯ ಎಳೆ ಬಿಚ್ಚಿದೆಯೇ ಎಂದು. ಪ್ಲಗ್ ಮರೆತ ಒಡಲು ಅರ್ಧ ಗಂಟೆಯಲ್ಲಿ ಭಾರವಾಗಿ ಹಿಂದಕ್ಕೆ ಕುಸಿಯುತ್ತದೆ. ದಡದ ಪೆಟ್ಟಿಗೆಯಲ್ಲಿ 10 ಪ್ಲಗ್, 40 ರಿಂಗ್, 10 ಕ್ಲೆವಿಸ್ ಪಿನ್, ನಾಲ್ಕು ಸುರುಳಿ ಟೇಪ್, 4 ಮತ್ತು 6 ಮಿಲಿಮೀಟರ್ ಹಗ್ಗ, ರಿವೆಟ್ ಗನ್ ಇದ್ದರೆ ವಾರ ಸಾಗುತ್ತದೆ.

ಎರಡನೇ ದಿನ ಟ್ಯಾಕ್ ಮತ್ತು ಜೈಬ್, ಅಂದರೆ ಮೂತಿ ಅಥವಾ ಹಿಂಭಾಗ ಗಾಳಿಯನ್ನು ದಾಟುವಂತೆ ತಿರುಗುವುದು. ಕೆಟಮರಾನ್ ಹಗುರ, ಆವೇಗ ಕಡಿಮೆ. ತಿರುಗುವಾಗ ಎರಡು ಒಡಲೂ ನೀರನ್ನು ತಡೆಯುತ್ತವೆ, ಹಾಗಾಗಿ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ. ಚುಕ್ಕಾಣಿಯನ್ನು ಒಮ್ಮೆಲೇ ತಳ್ಳದೆ ಹದವಾಗಿ ಒತ್ತಬೇಕು. ಮೂತಿ ಗಾಳಿ ದಾಟುವವರೆಗೆ ಜಿಬ್ ಹಿಡಿದಿರಬೇಕು, ದಾಟಿದ ಕೂಡಲೆ ಮೇನ್‌ಶೀಟನ್ನು ಅರ್ಧ ಮೀಟರಿನಷ್ಟು ಬಿಡಬೇಕು. ಮೂರನೇ ದಿನ ಬರೀ ಸ್ಟಾರ್ಟ್: ಮೂರು ನಿಮಿಷದ ಸಿಗ್ನಲಿನಲ್ಲಿ ಹತ್ತು ಸಲ. ನಾಲ್ಕನೇ ದಿನ ಮಾರ್ಕ್ (ರೇಸಿನ ದಾರಿ ಗುರುತಿಸುವ ಬೋಯಾ, ಅಂದರೆ ತೇಲುಗುಂಡು) ಸುತ್ತುವುದು, ಮಧ್ಯಾಹ್ನದ ನಂತರ ವಿಶ್ರಾಂತಿ. ದಣಿದ ಕೈಗಳೇ ಐದನೇ ದಿನ ತಪ್ಪು ಮಾಡುವುದು.

ಸ್ಟಾರ್ಟ್ ಲೈನಿನಲ್ಲಂತೂ ಡಿಂಗಿಯ ಲೆಕ್ಕ ಎದ್ದು ಕಾಣುತ್ತದೆ. 12 ದೋಣಿ, ಐದು ಮೀಟರ್, 1.25ರಿಂದ ಗುಣಿಸಿ 75 ಮೀಟರ್ ಎಂದು ಬರೆದಿದ್ದಾರೆ. ಡಿಂಗಿ ಹಾಯಿ ಸಡಿಲಿಸಿ ಲೈನಿನ ಮೇಲೆ ನಿಂತಿರಬಲ್ಲದು. ಅಡ್ಡಜಾರಿಕೆ ತಡೆಯಲು ನೀರಿಗಿಳಿಸುವ ಹಲಗೆಯೇ (ಡ್ಯಾಗರ್‌ಬೋರ್ಡ್) ಇಲ್ಲದ ಹೋಬಿ 16 ನಿಂತರೆ ಅಡ್ಡಕ್ಕೆ ಜಾರುತ್ತದೆ. ಮತ್ತೆ ವೇಗ ಹಿಡಿಯಲು ಗಾಳಿ ಬೀಸಿ ಹೋಗುವ ಬದಿಯಲ್ಲಿ ಖಾಲಿ ನೀರು ಬೇಕು. ನನ್ನ ಪ್ರಕಾರ 1.75ರಿಂದ 2 ಪಟ್ಟು, ಅಂದರೆ 105ರಿಂದ 120 ಮೀಟರ್. 75 ಮೀಟರಿನಲ್ಲಿ 2.4 ಮೀಟರ್ ಅಗಲದ 12 ದೋಣಿ ತುಂಬಿದರೆ ಒಡಲು ಒಡಲಿಗೆ ತಾಗುತ್ತದೆ, ಇಲ್ಲವೇ ಎಲ್ಲರನ್ನೂ ವಾಪಸ್ ಕರೆದು ಹೊಸದಾಗಿ ಸ್ಟಾರ್ಟ್ ಮಾಡಿಸುವ ಜನರಲ್ ರಿಕಾಲ್ ಬಾವುಟ ಮತ್ತೆ ಮತ್ತೆ ಏರುತ್ತದೆ.

"ರೂಲ್‌ಬುಕ್ ಎಲ್ಲರಿಗೂ ಒಂದೇ ತಾನೆ, ಪ್ರತ್ಯೇಕ ಯೋಜನೆ ಯಾಕೆ?" ಎಂದು ಒಬ್ಬರು ಕೇಳಿದರು. ನಿಜ, ಒಂದೇ. ಒಲಿಂಪಿಕ್ಸ್‌ನಲ್ಲಿ 1976ರಿಂದ 2008ರವರೆಗೆ ಓಡಿದ ಟೊರ್ನೇಡೊ, 2016ರಿಂದ ಓಡುತ್ತಿರುವ ನಾಕ್ರಾ 17 ಎರಡು ಕೆಟಮರಾನುಗಳೂ ಡಿಂಗಿಗಳ ರೂಲ್‌ಬುಕ್ಕಿನಡಿಯಲ್ಲೇ ಓಡಿದವು. ಸ್ಟಾರ್ಟಿಗೆ ಮುಂಚೆ ವಾರ್ನಿಂಗ್ ಸಿಗ್ನಲ್ 5 ನಿಮಿಷಕ್ಕೆ, ಪ್ರಿಪರೇಟರಿ ಸಿಗ್ನಲ್ 4ಕ್ಕೆ, ಅದರ ಬಾವುಟ ಇಳಿಯುವುದು 1ಕ್ಕೆ, ಇದು ಎಲ್ಲರಿಗೂ ಸಮ. ಆದರೆ ಲೈನ್ ಎಷ್ಟು ಉದ್ದ, ಬೋಟು ಎಷ್ಟು ಎಂಬುದನ್ನು ರೂಲ್‌ಬುಕ್ ಹೇಳುವುದಿಲ್ಲ. ಅದನ್ನು ಸಂಘಟಕರೇ ತಲೆ ಓಡಿಸಿ ಮಾಡಬೇಕು. ನಿಯಮದಲ್ಲಿ ಬದಲಿಸಲು ಅವಕಾಶವಿರುವುದನ್ನೂ ಇವರು ಬದಲಿಸಿಲ್ಲ. ತಪ್ಪಿಗೆ ದೋಣಿಯನ್ನು ಎರಡು ಸಲ ಪೂರ್ತಿ ಸುತ್ತು ತಿರುಗಿಸುವ ದಂಡ ಎಂದಿದೆ. ತಿರುಗಲು ಒದ್ದಾಡುವ ಕೆಟಮರಾನಿಗೆ ಒಂದು ಸುತ್ತು ಸಾಕೆಂದು ಸೇಲಿಂಗ್ ಇನ್‌ಸ್ಟ್ರಕ್ಷನ್ಸ್‌ನಲ್ಲಿ (ಆ ಕೂಟದ ರೇಸ್ ಸೂಚನೆಗಳಲ್ಲಿ) ಬರೆಯಬಹುದು. ಅಂಕದ ಲೆಕ್ಕವೂ ಹಾಗೆಯೇ: ಬೇರೆ ಏನನ್ನೂ ಬರೆಯದೆ ಬಿಟ್ಟರೆ ಸರಣಿಯಲ್ಲಿ ಪ್ರತಿ ದೋಣಿಯ ಅತಿ ಕೆಟ್ಟ ರೇಸಿನ ಅಂಕವನ್ನು ಕಳೆಯುತ್ತಾರೆ. ಆರು ರೇಸ್ ಅಂದುಕೊಂಡು ಎರಡೇ ನಡೆದರೆ ಅದು ಅನ್ಯಾಯ. ನಾಲ್ಕು ರೇಸ್ ಮುಗಿದ ಮೇಲಷ್ಟೇ ಕಳೆಯುವುದು ಎಂದು ಮೊದಲೇ ರೇಸಿನ ಪ್ರಕಟಣೆಯಲ್ಲಿ (ನೋಟಿಸ್ ಆಫ್ ರೇಸ್) ಹಾಕಿ.

ಕೋರ್ಸಿಗೆ ಕರಡು ಕೊಟ್ಟಿರುವುದು 500 ಮೀಟರ್. ಕೆಟಮರಾನಿಗೆ ಅದು ಕಣ್ಣು ಮಿಟುಕಿಸುವಷ್ಟು. ಸ್ಪಿನೇಕರ್ ಏರಿಸಿ ಹಗ್ಗ ಸರಿಮಾಡುವಷ್ಟರಲ್ಲಿ ಇಳಿಸಬೇಕು. ಒಂದು ನಾಟಿಕಲ್ ಮೈಲಿ, ಅಂದರೆ 1852 ಮೀಟರಿನ ಆಸುಪಾಸು ಇರಲಿ. ನಾಲ್ಕನೇ ದಿನ ಒಂದು ಸುತ್ತಿನ ಸಮಯ ಹಿಡಿದು, ರೇಸ್ 40 ನಿಮಿಷಕ್ಕೆ ಮುಗಿಯುವಂತೆ ಸುತ್ತುಗಳ ಸಂಖ್ಯೆ ನಿಗದಿಮಾಡಿ. ಗಾಳಿಮೇಲಿನ ಮಾರ್ಕಿನ ಪಕ್ಕ 60–80 ಮೀಟರಿಗೆ ಒಂದು ಆಫ್‌ಸೆಟ್ ಮಾರ್ಕ್ ಹಾಕಿದರೆ ಗಾಳಿಯ ಜೊತೆ ಇಳಿಯುವವರೂ ಗಾಳಿಗೆದುರು ಏರುವವರೂ ಡಿಕ್ಕಿಯಾಗುವುದಿಲ್ಲ. ಮೂತಿ ಚುಚ್ಚಿ ಮುಂದಕ್ಕೆ ಪಲ್ಟಿಯಾಗುವುದು ಹೆಚ್ಚಾಗಿ ಇಲ್ಲಿಯೇ, ಬೆನ್ನುಗಾಳಿಗೆ ತಿರುಗುವ ಆ ಕೆಲವು ಸೆಕೆಂಡುಗಳಲ್ಲಿ. ಒಂದು ಸೇಫ್ಟಿ ಬೋಟು ಅಲ್ಲಿಯೇ ಕಾದಿರಲಿ. ಬೋಯಾದ ಲಂಗರುಹಗ್ಗಕ್ಕೆ ಎರಡು ಮೀಟರ್ ಕೆಳಗೆ 2–3 ಕಿಲೋ ಭಾರ ನೇತುಹಾಕಿ, ಹಗ್ಗ ನೇರ ಕೆಳಗಿಳಿಯುತ್ತದೆ. ಓರೆಯಾಗಿ ಚಾಚಿದ ಹಗ್ಗ ಎರಡು ಚುಕ್ಕಾಣಿಗಳ ನಡುವೆ ಸಿಕ್ಕಿದರೆ ದೋಣಿ ಬೋಯಾವನ್ನೇ ಎಳೆದುಕೊಂಡು ಹೋಗುತ್ತದೆ.

ಬೇರೆ ಬೇರೆ ಮಾದರಿಯ ದೋಣಿಗಳಿದ್ದರೆ ಮಾದರಿಗಳ ವೇಗದ ವ್ಯತ್ಯಾಸ ಸರಿದೂಗಿಸುವ ಎಸ್‌ಸಿಎಚ್‌ಆರ್‌ಎಸ್ ರೇಟಿಂಗ್ ಬಳಸಿ. ತೆಗೆದುಕೊಂಡ ಸಮಯವನ್ನು ರೇಟಿಂಗಿನಿಂದ ಭಾಗಿಸಿದರೆ ಆಯಿತು. ಉದಾಹರಣೆಗೆ 1.00 ರೇಟಿಂಗಿನ ದೋಣಿ 2400 ಸೆಕೆಂಡಿಗೆ, 1.18ರದ್ದು 2760 ಸೆಕೆಂಡಿಗೆ ಮುಗಿಸಿದರೆ ಎರಡನೆಯದರ ತಿದ್ದಿದ ಸಮಯ 2339. ಗೆದ್ದದ್ದು ಅದೇ. ಹಾಗಾಗಿ ಪ್ರತಿ ದೋಣಿಯ ಸಮಯವನ್ನು ಸೆಕೆಂಡಿನವರೆಗೆ ಇಬ್ಬರು ಬೇರೆ ಬೇರೆಯಾಗಿ ಬರೆಯಬೇಕು.

"ಸಣ್ಣ ಕೂಟ, ಎಲ್ಲರೂ ಪರಿಚಯದವರೇ, ಇಷ್ಟು ಬಿಗಿ ಬೇಡ" ಎಂಬ ಮಾತೂ ಬಂತು. ಪರಿಚಯದವರು ಎಂದೇ ನನಗೆ ಇಷ್ಟು ಸಂಕಟ. 24 ಸಂಖ್ಯೆಯ ಬಿಲ್ಲೆ ಮಾಡಿಸಿ ಒಂದು ಹಲಗೆಗೆ ನೇತುಹಾಕಿ. ನೀರಿಗಿಳಿಯುವವರು ತೆಗೆದುಕೊಳ್ಳಲಿ, ಬಂದವರು ತಾವೇ ತಿರುಗಿ ಹಾಕಲಿ. ಗೆಳೆಯರ ಬಿಲ್ಲೆಯನ್ನು ಇನ್ನೊಬ್ಬರು ಹಾಕಬಾರದು. ಹಲಗೆ ತುಂಬುವವರೆಗೆ ಕೊನೆಯ ಸೇಫ್ಟಿ ಬೋಟು ದಡ ಮುಟ್ಟಬಾರದು. ಸರಾಸರಿ ಗಾಳಿ 20 ನಾಟ್ ದಾಟಿದರೆ ಹೊಸ ರೇಸ್ ಬೇಡ. ಹೊಸಬರ ತರಬೇತಿಗೆ 15.

ಕರಡನ್ನು ತಿದ್ದಿ ಕಳಿಸಿದ್ದೇನೆ. ಮೊದಲ ಪುಟದಲ್ಲಿ ಈಗ ಮೂರು ಸೇಫ್ಟಿ ಬೋಟುಗಳ ಹೆಸರು, ಆರು ಸಿಬ್ಬಂದಿಯ ಹೆಸರು ಬರೆಯಲು ಖಾಲಿ ಜಾಗ ಇದೆ. ಎರಡೇ ಬೋಟು ಸಿಕ್ಕರೆ ದೋಣಿಗಳು 12 ಅಲ್ಲ, 8. ಒಂದೇ ಸಿಕ್ಕರೆ ರೇಸ್ ಬಿಟ್ಟು, ನಾಲ್ಕು ದೋಣಿಗಳ ತರಬೇತಿ ಮಾತ್ರ ಮಾಡಿ.