ಕನ್ನಂಬಾಡಿ ಕಟ್ಟೆಗೆ ಕ್ಷಿಪಣಿ ಕಾವಲು ಬೇಕಾ?

2025ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ‘ಸುದರ್ಶನ ಚಕ್ರ’ ಯೋಜನೆ ಘೋಷಿಸಿದರು. 2035ರ ಹೊತ್ತಿಗೆ ದೇಶದ ಮುಖ್ಯ ಜಾಗಗಳಿಗೆ, ಆಸ್ಪತ್ರೆ, ರೈಲು, ದೇವಸ್ಥಾನಗಳಿಗೂ ಆಕಾಶದ ದಾಳಿಯಿಂದ ರಕ್ಷಣೆ ಕೊಡುವುದು ಅದರ ಗುರಿ. ಹಾಗಾದರೆ ನಮ್ಮ ಕೆಆರ್‌ಎಸ್‌ಗೆ? ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಹವಾಲ್ದಾರರೊಬ್ಬರು ಮತ್ತು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿರುವ ಅವರ ನಾದಿನಿ ಈ ಒಂದೇ ಪ್ರಶ್ನೆಗೆ ಬರೆದ ಉತ್ತರಗಳು ಇವು.

ಪರ: ಸಿಗುವುದು ಮೂರು ನಿಮಿಷ

ನಾನು ಸೇನೆಯ ವಾಯು ರಕ್ಷಣಾ ದಳದಲ್ಲಿದ್ದೆ. ಸರ್ವಿಸಿನ ಬಹುಪಾಲು ವಿಮಾನ ಹೊಡೆಯುವ ಎಲ್-70 ತೋಪಿನ ಹಿಂದೆಯೇ ಕಳೆಯಿತು. ಮೊದಲ ಅಭ್ಯಾಸದ ದಿನ ಮರಳುಗಾಡಿನಲ್ಲಿ ಬೆಳಗಿನಿಂದ ಆಕಾಶ ನೋಡುತ್ತಾ ಕೂತಿದ್ದೆವು. ಕತ್ತು ನೋಯುತ್ತಿತ್ತು. ವಿಮಾನ ಬಂತು. ಸದ್ದು ಕಿವಿಗೆ ಬೀಳುವಷ್ಟರಲ್ಲಿ ಅದು ತಲೆ ದಾಟಿ ಹೋಗಿತ್ತು. ನಮ್ಮ ತೋಪಿನ ಮೂತಿ ಇನ್ನೂ ಅರ್ಧ ತಿರುಗಿತ್ತು ಅಷ್ಟೆ. ಅವತ್ತಿನಿಂದ ‘ಬಂದಾಗ ನೋಡಿಕೊಳ್ಳೋಣ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಮೈಸೂರು ಗಡಿಯಿಂದ ದೂರ ಇದೆ, ಇಲ್ಲಿಗೆ ಯಾರು ಬರುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಭೂಪಟ ತೆಗೆದು ನೋಡಿ. ಕರಾಚಿ ದೂರ ನಿಜ. ಆದರೆ ಅರಬ್ಬಿ ಸಮುದ್ರ ಮೈಸೂರಿನಿಂದ ನೇರ ಗೆರೆಯಲ್ಲಿ ಸುಮಾರು 150 ಕಿ.ಮೀ. ಮಾತ್ರ. ನೀರಿನಡಿಯಿಂದ ಹಾರಿಸುವ ಬಾಬರ್-3 ಕ್ಷಿಪಣಿ 450 ಕಿ.ಮೀ. ಹೋಗುತ್ತದೆ ಎಂದು ಪಾಕಿಸ್ತಾನ 2017ರಲ್ಲೇ ಹೇಳಿಕೊಂಡಿದೆ. ಇಂಥ ಕ್ಷಿಪಣಿ ಮರಗಳ ತುದಿ ಸವರಿಕೊಂಡು ಬಂದ ಹಾಗೆ ಕೆಳಗೇ ಹಾರುತ್ತದೆ.

ಇಲ್ಲೇ ಜನ ತಪ್ಪು ತಿಳಿಯುವುದು. ರಷ್ಯಾದಿಂದ ತಂದ ಎಸ್-400 ವಾಯು ರಕ್ಷಣಾ ಕ್ಷಿಪಣಿ ವ್ಯವಸ್ಥೆ ಇದೆಯಲ್ಲ, 400 ಕಿ.ಮೀ. ದೂರ ಹೊಡೆಯುತ್ತದಲ್ಲ, ಇನ್ನೇನು ಬೇಕು ಅನ್ನುತ್ತಾರೆ. ಆ 400 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ. ಭೂಮಿ ದುಂಡಗಿದೆ. 50 ಮೀಟರ್ ಎತ್ತರದಲ್ಲಿ ಬರುವ ವಸ್ತು ಎಂಥ ದೊಡ್ಡ ರಾಡಾರಿಗೂ, ಅದು ನೆಲದ ಮೇಲಿದ್ದರೆ, ನಲವತ್ತು ಐವತ್ತು ಕಿ.ಮೀ. ಹತ್ತಿರ ಬಂದ ಮೇಲೆಯೇ ಕಾಣುವುದು. ಗಂಟೆಗೆ 900 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 15 ಕಿ.ಮೀ. ಲೆಕ್ಕ ಹಾಕಿ, ಮೂರು ನಿಮಿಷ. ಹಾಗಾಗಿ ಕಾವಲು ಕಾಯಬೇಕಾದ ಜಾಗದ ಪಕ್ಕದಲ್ಲೇ ಒಂದು ತುಕಡಿ ನಿಂತಿರಬೇಕು.

ಅದಕ್ಕೆ ನಮ್ಮಲ್ಲೇ ಮಾಡಿದ ಆಕಾಶ್ ಕ್ಷಿಪಣಿ ಇದೆ. ಒಂದು ಬ್ಯಾಟರಿಗೆ, ಅಂದರೆ ಒಂದು ತುಕಡಿಗೆ, ಒಂದು ರಾಡಾರ್, ನಾಲ್ಕು ಲಾಂಚರ್, ಪ್ರತಿ ಲಾಂಚರಿನಲ್ಲಿ ಮೂರು ಕ್ಷಿಪಣಿ. ರಾಡಾರ್ ಏಕಕಾಲಕ್ಕೆ 64 ಗುರಿಗಳ ಮೇಲೆ ಕಣ್ಣಿಡುತ್ತದೆ, ನಾಲ್ಕನ್ನು ಒಟ್ಟಿಗೆ ಹೊಡೆಸುತ್ತದೆ. ಆ ರಾಡಾರ್ ಹುಟ್ಟಿದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದಲ್ಲಿ. ಕ್ಷಿಪಣಿಯ ಹೊಡೆತ ಸುಮಾರು 25 ಕಿ.ಮೀ. ಕೆಆರ್‌ಎಸ್ ಮತ್ತು ಇಲವಾಲದ ನಡುವೆ ಎಲ್ಲಾದರೂ ಒಂದು ಬ್ಯಾಟರಿ ನಿಂತರೆ ಕಟ್ಟೆ, ಮೈಸೂರು ನಗರ, ನೋಟು ಮುದ್ರಣಾಲಯ, ಅಣುಶಕ್ತಿ ಇಲಾಖೆಯ ಘಟಕ ಎಲ್ಲವೂ ಅದರ ನೆರಳಿಗೆ ಬರುತ್ತವೆ. ಅಣು ಘಟಕಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ, ಪಾಕಿಸ್ತಾನ 1988ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅಣೆಕಟ್ಟಿಗೆ ಅಂಥ ಕಾಗದವೂ ಇಲ್ಲ.

ಎಡರ್ ಕಥೆ ಕೇಳಿ. 1943ರ ಮೇ 16ರ ರಾತ್ರಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಅಣೆಕಟ್ಟುಗಳ ಮೇಲೆ ಎರಗಿದವು. ಎಡರ್ ಅಣೆಕಟ್ಟಿನ ಮೇಲೆ ಒಂದೇ ಒಂದು ತೋಪೂ ಇರಲಿಲ್ಲ. ಸುತ್ತ ಬೆಟ್ಟ ಇದೆಯಲ್ಲ ಅಂತ ಬಿಟ್ಟಿದ್ದರು. ಪೈಲಟ್‌ಗಳು ಮತ್ತೆ ಮತ್ತೆ ಸುತ್ತು ಹಾಕಿ, ಗುರಿ ಸರಿಹೋಗುವ ತನಕ ಪ್ರಯತ್ನಿಸಿ, ಕಟ್ಟೆ ಒಡೆದರು. ಅಷ್ಟು ಪುರಸೊತ್ತು ಕೊಟ್ಟವರು ಯಾರು?

ಮಂಡ್ಯದ ಜನ ಬೆಳಿಗ್ಗೆ ಪೇಪರ್ ಬಿಚ್ಚಿದರೆ ಮೊದಲು ನೋಡುವುದು ಕಟ್ಟೆಯ ನೀರಿನ ಮಟ್ಟ. 124.80 ಅಡಿ ಮುಟ್ಟಿದರೆ ಭತ್ತ ಇದೆ, ಕಬ್ಬು ಇದೆ, ಬೆಂಗಳೂರಿಗೆ ಕುಡಿಯುವ ನೀರಿದೆ. ಇದಕ್ಕಿಂತ ಕಾಯಬೇಕಾದ ಆಸ್ತಿ ಈ ಸೀಮೆಯಲ್ಲಿ ಇನ್ನೇನಿದೆ?

ವಿರೋಧ: ಕಟ್ಟೆಗೆ ಭಯ ನೆಲದಿಂದ

ಭಾವ ಬರೆದದ್ದನ್ನು ಎರಡು ಸಲ ಓದಿದೆ. ಅವರ ಕಾಳಜಿ ನನಗೆ ಗೊತ್ತು. ದೇಶಕ್ಕೆ ಕ್ಷಿಪಣಿಯೇ ಬೇಡ ಅಂತ ನಾನೂ ಹೇಳುವುದಿಲ್ಲ. 2025ರ ಮೇ ತಿಂಗಳಲ್ಲಿ ಗಡಿ ಊರುಗಳ ಮೇಲೆ ಡ್ರೋನ್‌ಗಳು ಬಂದಾಗ ಆಕಾಶ್ ಕೂಡ, ಭಾವನ ಹಳೆಯ ಎಲ್-70 ಕೂಡ ಕೆಲಸಕ್ಕೆ ಬಂದವು. ಅಮೃತಸರದಲ್ಲಿ ಅದು ಇರಲಿ. ಕಟ್ಟೆ ಪಕ್ಕದಲ್ಲಿ ಬೇಡ ಅನ್ನುವುದು ನನ್ನ ಮಾತು.

ಭಾವ ಎಡರ್ ಕಥೆ ಹೇಳಿದರು. ಅದೇ ರಾತ್ರಿ ಮೋನೆ ಅಣೆಕಟ್ಟೂ ಒಡೆಯಿತು. ಅದರ ಮೇಲೆ ತೋಪುಗಳಿದ್ದವು, ಒಂದು ವಿಮಾನಕ್ಕೆ ಗುಂಡು ತಗುಲಿಸಿದ್ದೂ ಹೌದು. ಆದರೂ ಕಟ್ಟೆ ಉಳಿಯಲಿಲ್ಲ. ಕೆಳಗಿನ ಕಣಿವೆಯಲ್ಲಿ ಸಾವಿರಕ್ಕೂ ಜಾಸ್ತಿ ಜನ ನೀರುಪಾಲಾದರು. ಅವರಲ್ಲಿ ತುಂಬಾ ಜನ ಪರದೇಶದಿಂದ ಹಿಡಿದು ತಂದು ಶಿಬಿರದಲ್ಲಿ ಇಟ್ಟಿದ್ದ ಹೆಂಗಸರು. ನಾನು ಹೊಳೆ ದಂಡೆಯ ಊರಿನವಳು. ಆ ಕಥೆಯಲ್ಲಿ ನನಗೆ ಕಾಣುವುದು ಅವರೇ.

ಸಮುದ್ರದಿಂದ ಬರುವ ಕ್ಷಿಪಣಿಯನ್ನು ಕರಾವಳಿಯಲ್ಲೇ ತಡೆಯಬೇಕು. ಪಶ್ಚಿಮ ಘಟ್ಟ ದಾಟಿ ಹುಣಸೂರಿನ ತನಕ ಬಂದ ಮೇಲೆ ಹೊಡೆದರೆ ಚೂರುಗಳು ಬೀಳುವುದು ಯಾರ ಮನೆ ಮೇಲೆ? ನೆಲದ ರಾಡಾರಿಗೆ ಕೆಳಗೆ ಹಾರುವುದು ಕಾಣದಿದ್ದರೆ ರಾಡಾರನ್ನೇ ಮೇಲಕ್ಕೆ ಒಯ್ಯಬೇಕು. ವಿಮಾನದ ಬೆನ್ನ ಮೇಲೆ ರಾಡಾರ್ ಹೊತ್ತು ಹಾರುವ ನೇತ್ರ ಅನ್ನುವುದನ್ನು ಬೆಂಗಳೂರಿನಲ್ಲೇ ರೂಪಿಸಿದ್ದಾರೆ. ಅಂಥವು ಕೈಬೆರಳೆಣಿಕೆಯಷ್ಟಿವೆ. ದುಡ್ಡು ಅಲ್ಲಿಗೆ ಹೋಗಲಿ. ಇನ್ನು ಕರಾಚಿಯಿಂದ ಇಲ್ಲಿಗೆ ಸುಮಾರು 1,700 ಕಿ.ಮೀ. ಅಷ್ಟು ದೂರದಿಂದ ಬರುವುದು ಬಾಹ್ಯಾಕಾಶ ಮುಟ್ಟಿ ಇಳಿಯುವ ಕ್ಷಿಪಣಿ. ಆಕಾಶ್ ಮಾಡಿದ್ದು ಅದಕ್ಕಲ್ಲ. ಅದನ್ನು ತಡೆಯುವ ನಮ್ಮ ಎಡಿ-1 ಕ್ಷಿಪಣಿ ಮೊದಲ ಪರೀಕ್ಷೆ ಕಂಡದ್ದೇ 2022ರ ನವೆಂಬರ್‌ನಲ್ಲಿ.

ಡ್ರೋನ್ ಅನ್ನುತ್ತೀರಾ? 2025ರ ಜೂನ್ 1ರಂದು ಉಕ್ರೇನ್‌ನವರು ಲಾರಿಗಳಲ್ಲಿ ಡ್ರೋನ್ ಅಡಗಿಸಿ ರಷ್ಯಾದ ಒಳಗೇ ಒಯ್ದು, ಗಡಿಯಿಂದ ಸಾವಿರಾರು ಕಿ.ಮೀ. ಆಚೆ ಇದ್ದ ವಾಯುನೆಲೆಗಳ ಮೇಲೆ ಹಾರಿಸಿದರು. ಎಸ್-400 ಕಟ್ಟಿದ ದೇಶ ಅದು. ಲಾರಿಯಲ್ಲಿ ಬಂದದ್ದನ್ನು ಹಿಡಿಯಬೇಕಾದ್ದು ಚೆಕ್‌ಪೋಸ್ಟ್, ಪೊಲೀಸು, ಡ್ರೋನಿನ ಸಂಪರ್ಕ ಕಡಿಯುವ ಜಾಮರ್. 720 ಕೆ.ಜಿ. ತೂಕದ ಆಕಾಶ್ ಕ್ಷಿಪಣಿ ಅಲ್ಲ.

ಇನ್ನೊಂದು ಮಾತು ಹೇಳುವಾಗ ನನಗೆ ನೋವಾಗುತ್ತದೆ. 2019ರ ಫೆಬ್ರವರಿ 27ರಂದು ಬಡ್‌ಗಾಮಿನಲ್ಲಿ ನಮ್ಮ ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿತು. ವಾಯುಪಡೆಯ ಆರು ಮಂದಿ, ಕೆಳಗಿದ್ದ ಒಬ್ಬ ನಾಗರಿಕ ಸತ್ತರು. ದೊಡ್ಡ ತಪ್ಪಾಯಿತು ಎಂದು ವಾಯುಪಡೆ ಮುಖ್ಯಸ್ಥರೇ ಒಪ್ಪಿಕೊಂಡರು. ಮೂರು ನಿಮಿಷದಲ್ಲಿ ನಿರ್ಧಾರ ಮಾಡಬೇಕು ಅನ್ನುತ್ತಾರೆ ಭಾವ. ಪಕ್ಕದಲ್ಲೇ ಮಂಡಕಳ್ಳಿ ವಿಮಾನ ನಿಲ್ದಾಣ ಇದೆ. ಆ ಮೂರು ನಿಮಿಷವೇ ನನಗೆ ಭಯ.

ನನ್ನ ತವರು ಪಾಂಡವಪುರದ ಕಡೆ. ಬೇಬಿ ಬೆಟ್ಟದಲ್ಲಿ ಬಂಡೆ ಸಿಡಿಸಿದರೆ ಅಟ್ಟದ ಮೇಲಿನ ಹಿತ್ತಾಳೆ ತಪ್ಪಲೆಗಳು ಒಂದಕ್ಕೊಂದು ತಾಗಿ ಟಣ್ ಅನ್ನುತ್ತಿದ್ದವು. ಅವ್ವ ಮಾತು ನಿಲ್ಲಿಸಿ ಮೇಲೆ ನೋಡುತ್ತಿದ್ದಳು. ಆಮೇಲೆ ‘ಕಟ್ಟೆಗೇನಾಗುತ್ತೋ’ ಅನ್ನುತ್ತಿದ್ದಳು. ರೈತರು ವರ್ಷಗಟ್ಟಲೆ ಹೋರಾಡಿದರು. 2024ರ ಜನವರಿಯಲ್ಲಿ ಹೈಕೋರ್ಟ್ ಕಟ್ಟೆಯ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಲ್ಲಿಸಲು ಹೇಳಿತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಯಾವ ಶತ್ರುವೂ ಬಂದಿರಲಿಲ್ಲ.

ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರಲ್ಲಿ ಬಂತು. ಪ್ರತಿ ದೊಡ್ಡ ಅಣೆಕಟ್ಟಿಗೂ ತುರ್ತು ಯೋಜನೆ ಮಾಡಬೇಕು, ಕೆಳಗಿನ ಜನಕ್ಕೆ ಎಚ್ಚರಿಕೆ ಕೊಡುವ ವ್ಯವಸ್ಥೆ ಇರಬೇಕು ಅನ್ನುತ್ತದೆ ಅದು. ಬಾಂಬ್ ಬೀಳಲಿ, ಗೇಟು ಹೋಗಲಿ, ಮಳೆ ಜಾಸ್ತಿಯಾಗಲಿ, ನಮಗೆ ಬರುವುದು ನೀರೇ ಅಲ್ವಾ?

ಒಂದು ವರ್ಷ ಲಕ್ಷ ಕ್ಯುಸೆಕ್‌ಗೂ ಜಾಸ್ತಿ ನೀರು ಬಿಟ್ಟಾಗ ರಾತ್ರಿ ಆಟೋಗೆ ಮೈಕ್ ಕಟ್ಟಿಕೊಂಡು ಕೂಗಿ ಹೋದರು. ನಮ್ಮ ಕೊನೆ ಬೀದಿಗೆ ಆಟೋ ಬರಲಿಲ್ಲ. ಅತ್ತೆ ಕೊಟ್ಟಿಗೆಗೆ ಹೋದವರು ಹಸುವಿನ ಕಾಲಡಿ ನೀರು ಕಂಡು ಕಿರುಚಿಕೊಂಡರು. ನಮಗೆ ಗೊತ್ತಾದದ್ದು ಹಾಗೆ. ಕತ್ತಲಲ್ಲಿ ಹಗ್ಗ ಬಿಚ್ಚಲು ಆಗದೆ ಕುಡುಗೋಲಿನಲ್ಲಿ ಕೊಯ್ದು ಕರುವನ್ನು ಎತ್ತಿಕೊಂಡು ಬಂದೆವು. ಕಟ್ಟೆಗೆ ಅಂತ ಯಾರಾದರೂ ದುಡ್ಡು ತೆಗೆದಿಟ್ಟರೆ ಮೊದಲು ಹೊಳೆ ದಂಡೆಯ ಊರುಗಳಿಗೆ ಸೈರನ್ ಹಾಕಿಸಿ. ಕೊನೆ ಬೀದಿಗೂ ಕೇಳುವಂಥದ್ದು.